ಶುದ್ಧ ಮಾಡಿದಷ್ಟೂ ಸೋತ ಪುಡಿ

ಸರ್ವಮಂಗಳಾ ಮಲ್ಲೇಶ್ವರದ ಕಾಲೇಜೊಂದರಲ್ಲಿ ಸಾವಯವ ರಸಾಯನಶಾಸ್ತ್ರ ಕಲಿಸಲು ತೊಡಗಿ ಮೂವತ್ತೊಂದು ವರ್ಷವಾಗಿತ್ತು. ಪೇಟೆಯಲ್ಲಿ ಬಣ್ಣದಂಗಡಿ ಇಟ್ಟಿದ್ದ ಮನೆತನ, ಪಿಎಚ್.ಡಿ. ಮಾಡಿದವರು ಇವರೊಬ್ಬರೇ. ಮೊದಲ ಹದಿನೈದು ವರ್ಷ ಪಾಠ, ಪರೀಕ್ಷೆ, ಮೌಲ್ಯಮಾಪನದಲ್ಲೇ ಸವೆದುಹೋದವು. ಆಮೇಲೆ ಪಕ್ಕದ ಕಟ್ಟಡದ ಸೂಕ್ಷ್ಮಜೀವಿಶಾಸ್ತ್ರದ ಲೋಹಿತ್ ಜೊತೆಯಾದರು. ಇವರು ಹೊಸ ಸಂಯುಕ್ತ ತಯಾರಿಸಿ ಕೊಡುವುದು, ಅವರು ಅದನ್ನು ಗಾಯ ಕೆಡಿಸುವ ಬ್ಯಾಕ್ಟೀರಿಯಾದ ಮೇಲೆ ಹಾಕಿ ನೋಡುವುದು. ಆರು ವರ್ಷ ಏನೂ ಆಗಲಿಲ್ಲ. ನಲವತ್ತೆರಡನೆಯ ಪುಡಿ ಕೆಲಸ ಮಾಡಿತು. ಅದರ ಬಗ್ಗೆ ಇಬ್ಬರೂ ಸೇರಿ ಬರೆದ ಪ್ರಬಂಧದಿಂದ ಇವರಿಗೆ ಹೆಸರು ಬಂತು, ಲೋಹಿತ್‌ಗೆ ಬಡ್ತಿ ಸಿಕ್ಕಿತು.

ನಿವೃತ್ತಿಗೆ ಎಂಟು ತಿಂಗಳಿರುವಾಗ ಅವರ ಸಂಶೋಧನಾ ವಿದ್ಯಾರ್ಥಿನಿ ನಂದಿತಾ ಬಾಗಿಲಲ್ಲಿ ಬಂದು ನಿಂತಳು.

“ಮೇಡಂ, ನಿಮ್ಮ ನಲವತ್ತೆರಡನೇ ಪುಡಿ ಮೂರು ಸಲ ಮಾಡಿ ನೋಡ್ದೆ. ಎಷ್ಟು ಶುದ್ಧ ಮಾಡ್ತೀನೋ ಅಷ್ಟು ಕಮ್ಮಿ ಕೆಲ್ಸ ಮಾಡತ್ತೆ. ಪೂರ್ತಿ ಶುದ್ಧ ಆದ್ರೆ ಏನೂ ಇಲ್ಲ.”

ಸರ್ವಮಂಗಳಾ ಬಯ್ಯಲಿಲ್ಲ. ಕಪಾಟಿನಿಂದ ಹಳೆಯ ಪುಡಿಯ ಸೀಸೆ ತೆಗೆಸಿ ಲೋಹದ ಪರೀಕ್ಷೆಗೆ ಕಳಿಸಿದರು. ತಯಾರಿಕೆಗೆ ಬಳಸಿದ್ದ ತಾಮ್ರ ಅದರಲ್ಲಿ ಸ್ವಲ್ಪ ಉಳಿದುಬಿಟ್ಟಿತ್ತು. ಬ್ಯಾಕ್ಟೀರಿಯಾವನ್ನು ಕೊಂದದ್ದು ಇವರ ಸಂಯುಕ್ತವಲ್ಲ, ಆ ತಾಮ್ರ.

“ಯಾರೂ ಕೇಳ್ತಿಲ್ವಲ್ಲ ಮೇಡಂ,” ಎಂದರು ಲೋಹಿತ್, ಸಂಪಿಗೆ ರಸ್ತೆಯ ಮೆಟ್ರೋ ಕಡೆ ನಡೆಯುತ್ತ. “ಎಂಟು ತಿಂಗಳು ಸುಮ್ನಿದ್ರೆ ನೀವು ಆರಾಮಾಗಿ ಮನೇಲಿರ್ತೀರ.”

“ನಂದಿತಾ ಥೀಸಿಸ್‌ನಲ್ಲಿ ಏನು ಬರೀಬೇಕು, ಹೇಳಿ.”

“ಬೇರೆ ಟಾಪಿಕ್ ಕೊಡಿ.”

“ನನಗೂ ಸಾಕಾಗಿದೆ ಲೋಹಿತ್. ಪ್ರಬಂಧ ವಾಪಸ್ ತಗೊಳ್ತೀವಿ ಅಂತ ನಾಳೆ ಜರ್ನಲ್‌ಗೆ ಬರೀತೀನಿ. ನಿಮಗೆ ಬೇಡ ಅಂದ್ರೆ ನನ್ನ ಸಹಿ ಒಂದೇ ಇರ್ಲಿ.”

ಲೋಹಿತ್ ಸಹಿ ಹಾಕಿದರು, ಆದರೆ ಮಾತು ಬಿಟ್ಟರು. ನಾಲ್ಕು ತಿಂಗಳಿಗೆ ಜರ್ನಲ್ ಕಾರಣ ಪ್ರಕಟಿಸಿ ಪ್ರಬಂಧವನ್ನು ಹಿಂತೆಗೆದುಕೊಂಡಿತು. ಸರ್ವಮಂಗಳಾ ಒಪ್ಪಿಕೊಂಡಿದ್ದ ಎರಡು ಉಪನ್ಯಾಸ ರದ್ದಾದವು. ಸ್ಟಾಫ್ ರೂಮಿನಲ್ಲಿ ಇವರು ಒಳಗೆ ಬಂದರೆ ಮಾತು ಕ್ರಿಕೆಟ್‌ಗೆ ತಿರುಗುತ್ತಿತ್ತು.

ಒಂದು ದಿನ, ಜರ್ನಲ್‌ನ ಪ್ರಕಟಣೆ ಓದಿದ್ದ ಪುಣೆಯ ಅಪರಿಚಿತ ಸಂಶೋಧಕಿಯೊಬ್ಬಳ ಮೇಲ್ ಬಂತು. ಎರಡು ವರ್ಷದಿಂದ ಅದೇ ಪುಡಿ ತಯಾರಿಸಿ ಸೋಲುತ್ತಿದ್ದಳಂತೆ, ತನ್ನ ಕೈಗುಣವೇ ಸರಿಯಿಲ್ಲ ಅಂದುಕೊಂಡು ಸಂಶೋಧನೆಯನ್ನೇ ಬಿಡಲು ಹೊರಟಿದ್ದಳಂತೆ. ಸರ್ವಮಂಗಳಾ ಅದನ್ನು ಎರಡು ಸಲ ಓದಿ, ಏನೂ ಸೇರಿಸದೆ ಲೋಹಿತ್‌ಗೆ ಕಳಿಸಿದರು. ಮೂರನೆಯ ದಿನ ಲೋಹಿತ್ ತಾವೇ ಬಂದು ಕುರ್ಚಿ ಎಳೆದುಕೊಂಡು ಕೂತರು.

“ಇನ್ನೂ ಯಾರ್ಯಾರ ಪುಡಿಯಲ್ಲಿ ತಾಮ್ರ ಇದೆಯೋ,” ಎಂದರು.

ಬೇರೆಯವರ ಪುಡಿಗಳಲ್ಲಿ ಉಳಿದ ತಾಮ್ರ ಹುಡುಕುವುದೇ ನಂದಿತಾಳ ಹೊಸ ವಿಷಯವಾಯಿತು. ಸರ್ವಮಂಗಳಾ ಈಗ ನಿವೃತ್ತರು. ಆದರೂ ವಾರಕ್ಕೆರಡು ದಿನ ಅವಳಿಗಾಗಿ ಬರುತ್ತಾರೆ. ಲ್ಯಾಬ್ ಮೂರನೆಯ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಎರಡನೆಯದರಲ್ಲಿ ನಿಂತು, ಮಂಡಿ ಒತ್ತಿಕೊಂಡು, ಉಸಿರು ಹದಕ್ಕೆ ಬಂದಮೇಲೆ ಮತ್ತೆ ಹತ್ತುತ್ತಾರೆ.