ಶಾಂತವ್ವನಿಗೆ ನಾನು ಕೊಟ್ಟ ಸೊನ್ನೆ

ಈ ಬೇಸಿಗೆಯಲ್ಲಿ ಕನ್ನೊಳ್ಳಿಯ ಶಾಂತವ್ವನಿಗೆ ನಾನು ಗಣಿತದಲ್ಲಿ ಸೊನ್ನೆ ಕೊಟ್ಟೆ.

ನಾನು ಗಣಿತದ ಮಾಸ್ತರನಲ್ಲ. ಆಕೆಯ ಉತ್ತರಪತ್ರಿಕೆಯನ್ನು ಕಣ್ಣಿಂದ ಕಂಡವನೂ ಅಲ್ಲ. ಸಿಂದಗಿಯಲ್ಲಿ ಒಂದು ಕಂಪ್ಯೂಟರ್ ಸೆಂಟರ್ ಇಟ್ಟುಕೊಂಡು, ವಾರಕ್ಕೊಮ್ಮೆ ಈ ಅಂಕಣದಲ್ಲಿ ನಿಮ್ಮೆದುರು ಹರಟುವವನು. (ಈ ವಾರ ಹರಟುವ ಮನಸ್ಸಿಲ್ಲ.)

ಹತ್ತನೇ ತರಗತಿಯ ರಿಸಲ್ಟ್ ಒದಗಿಸುವ ಕಂಪನಿಯೊಂದು ನಮ್ಮಂಥ ಸೆಂಟರ್‌ಗಳಿಗೆಂದು ವೆಬ್ ಸರ್ವಿಸ್ ಶುರುಮಾಡಿತ್ತು. ಅಂದರೆ, ನಮ್ಮ ಕಂಪ್ಯೂಟರ್ ಇಲ್ಲಿಂದ ರಿಜಿಸ್ಟರ್ ನಂಬರ್ ಕಳಿಸಿದರೆ ಅವರ ಕಂಪ್ಯೂಟರ್ ಅಲ್ಲಿಂದ ಅಂಕ ಕಳಿಸುತ್ತದೆ. ಹಾಗೆ ಕೇಳಲು ನಮ್ಮಲ್ಲೊಂದು ಪ್ರೋಗ್ರಾಂ ಬೇಕು. ಅದಕ್ಕೆ ಕ್ಲೈಂಟ್ ಅನ್ನುತ್ತಾರೆ. ಅದನ್ನು ಕೂತು ಬರೆಯಬೇಕಾಗಿಯೂ ಇಲ್ಲ. ಕಂಪನಿಯವರು ಕೊಟ್ಟ ವಿವರದ ಫೈಲನ್ನು ಒಂದು ಟೂಲ್‌ಗೆ ಕೊಟ್ಟರೆ ನೂರಾರು ಸಾಲಿನ ಪ್ರೋಗ್ರಾಂ ತಾನಾಗಿಯೇ ತಯಾರಾಗುತ್ತದೆ. ನಾನು ಬರೆದದ್ದು ಮೇಲಿನ ಹತ್ತು ಸಾಲು ಅಷ್ಟೆ.

ಹಿಂದಿನ ವರ್ಷದ ಐದು ನಂಬರ್ ಹಾಕಿ ನೋಡಿದೆ. ಐದೂ ಸರಿ ಬಂದವು. ಟೂಲ್ ಬರೆದ ಸಾಲುಗಳನ್ನು ಓದಿದೆನೆ? ಇಲ್ಲ. ಯಾರು ಓದುತ್ತಾರೆ?

ರಿಸಲ್ಟ್ ದಿನ ಸೆಂಟರಿನ ಮೆಟ್ಟಿಲವರೆಗೂ ಪಾಳಿ. ಅದರಲ್ಲಿ ಶಾಂತವ್ವ. ಕನ್ನೊಳ್ಳಿಯ ಅಂಗನವಾಡಿಯಲ್ಲಿ ಸಹಾಯಕಿ. ಮಕ್ಕಳನ್ನು ಮನೆಮನೆಗೆ ಹೋಗಿ ಕರೆತರುವುದು, ಕಸ ಗುಡಿಸುವುದು, ಉಪ್ಪಿಟ್ಟು ಮಾಡುವುದು ಎಲ್ಲ ಆಕೆಯದೇ. ಅಲ್ಲಿಯ ಕಾರ್ಯಕರ್ತೆ ನಿವೃತ್ತಿಯಾಗಿ ಜಾಗ ಖಾಲಿ ಬಿದ್ದಿತ್ತು. ಅದಕ್ಕೆ ಹತ್ತನೇ ಪಾಸಾಗಿರಬೇಕು. ಮೂವತ್ತನಾಲ್ಕರ ಈ ಹೆಣ್ಣುಮಗಳು ಹೊರಗಿನಿಂದ ಪರೀಕ್ಷೆ ಕಟ್ಟಿ ಉಳಿದೆಲ್ಲ ವಿಷಯ ಮುಗಿಸಿದ್ದಳು. ಗಣಿತ ಒಂದು ಬಾಕಿ. ಅರ್ಜಿ ಹಾಕಲು ಇನ್ನು ನಾಲ್ಕೇ ದಿನ.

ಸಂಚಿಯಿಂದ ಚೀಟಿ ತೆಗೆದು ಕೊಟ್ಟಳು. ನಂಬರ್ ಟೈಪ್ ಮಾಡಿದೆ.

ಗಣಿತ: 0.

"ಸೊನ್ನಿ ಹೆಂಗ ಬರ್ತೈತ್ರಿ ಸರ್? ಪೂರಾ ಪೇಪರ್ ಬರದೇನ್ರಿ ನಾ."

ಮತ್ತೊಮ್ಮೆ ಎಂಟರ್ ಒತ್ತಿದೆ. ಮತ್ತೆ ಅದೇ.

"ಕಂಪ್ಯೂಟರ್ ಇದನ್ನ ತೋರಸಾಕತ್ತೈತಿ ನೋಡವಾ. ನಾ ಏನ್ ಮಾಡ್ಲಿ?" ಅಂದೆ. ಹಿಂದಿನವರು ನೂಕುತ್ತಿದ್ದರು.

ಅಳಲಿಲ್ಲ, ವಾದಿಸಲಿಲ್ಲ. ಪ್ರಿಂಟ್ ಕೇಳಿದಳು. ಕೊಟ್ಟೆ. (ಮೇಲೆ ಸೆಂಟರಿನ ಸಿಕ್ಕಾ ಬೇರೆ ಒತ್ತಿದೆ.)

ಹತ್ತು ದಿನದ ಮೇಲೆ ನಮ್ಮೂರ ಡಾಕ್ಟರೊಬ್ಬರು ಬಂದು ನಿಂತರು. ಅವರ ಮಗಳಿಗೂ ಅದೇ ದಿನ, ಅದೇ ಕಂಪ್ಯೂಟರಿನಲ್ಲಿ, ಸಮಾಜ ವಿಜ್ಞಾನಕ್ಕೆ ಸೊನ್ನೆ ಬಂದಿತ್ತು.

"ನನ್ನ ಮಗಳಿಗೆ ಸೊನ್ನಿ ಬರಾಂಗಿಲ್ಲ. ಫೋನ್ ಹಚ್ರಿ ಕಂಪನಿಗೆ" ಅಂದರು.

ಹಚ್ಚಿದೆ. ಆ ಕಡೆಯ ಹುಡುಗಿ ಸಮಾಧಾನವಾಗಿ ಹೇಳಿದಳು: "ಕೆಲವರ ಅಂಕ ಅವತ್ತು ಇನ್ನೂ ನಮಗೆ ಬಂದಿರಲಿಲ್ಲ ಸರ್. ನಾವು ಖಾಲಿ ಕಳಿಸಿದ್ದೆವು. ಸೊನ್ನೆ ಅಲ್ಲ."

ಆಗ ಕೂತು ಟೂಲ್ ಬರೆದ ಸಾಲುಗಳನ್ನು ಓದಿದೆ. ಅಂಕ ಅಂದರೆ ಒಂದು ಸಂಖ್ಯೆ ಎಂದಷ್ಟೇ ಟೂಲ್ ಬರೆದಿಟ್ಟಿತ್ತು. ಏನೂ ಬರದಿದ್ದರೆ ಆ ಜಾಗದಲ್ಲಿ ಸೊನ್ನೆ ಕೂರುತ್ತಿತ್ತು. 'ಇನ್ನೂ ಗೊತ್ತಿಲ್ಲ' ಅನ್ನಬೇಕಾದಲ್ಲಿ ನನ್ನ ಪ್ರೋಗ್ರಾಂ 'ನಿನಗೇನೂ ಬರುವುದಿಲ್ಲ' ಅಂದಿತ್ತು.

ರಿಸಲ್ಟ್ ನೋಡಲು ಬಂದವರ ನಂಬರ್ ಬರೆದಿಡುವ ನೋಟ್‌ಬುಕ್ಕಿನಲ್ಲಿ ಶಾಂತವ್ವನದೂ ಇತ್ತು. ಹಾಕಿದೆ. ಗಣಿತ: 43. ಪಾಸ್.

ಸಿಕ್ಕ ಟಂಟಂ ಆಟೋ ಹತ್ತಿ ಕನ್ನೊಳ್ಳಿಗೆ ಹೋದೆ. ಆಕೆ ಅಂಗನವಾಡಿಯ ಒಲೆಯ ಮುಂದಿದ್ದಳು. ಸೀರೆಗೆ ಕೈ ಒರೆಸಿಕೊಂಡು ಹಾಳೆ ಇಸಿದುಕೊಂಡಳು.

"ಅರ್ಜಿ ಹಾಕಿದ್ದಿಯೇನು?"

"ಸೊನ್ನಿ ತಗೊಂಡ ಯಾರ್ ಹಾಕ್ತಾರ್ರಿ? ತಾರೀಖ ಮುಗದಹೋತು. ನಮ್ಮೂರ ಸೊಸಿ ಒಬ್ಬಾಕಿ ಹಾಕ್ಯಾಳ. ಆಕಿದೊಂದ ಅರ್ಜಿ ಬಂದದ್ದಂತ. ಛಲೋ ಹುಡುಗಿ ಅದಾಳ್ರಿ."

ಮರುದಿನ ಆಕೆಯನ್ನು ಕರೆದುಕೊಂಡು ಅಂಗನವಾಡಿಗಳನ್ನು ನೋಡಿಕೊಳ್ಳುವ ಸಿಂದಗಿಯ ಆಫೀಸಿಗೆ ಹೋದೆ. ತಪ್ಪು ನನ್ನದೆಂದು ಬರೆದು ಸಹಿ ಮಾಡಿ ಕೊಟ್ಟೆ. ಸಾಹೇಬರು ಪೂರ್ತಿ ಓದಿದರು. ಗದರಿಸಲಿಲ್ಲ, ಓಡಿಸಲಿಲ್ಲ.

"ನೀವು ಹೇಳೂದು ಖರೆ ಇರಬಹುದ್ರಿ. ಆದ್ರ ಅರ್ಜಿನ ಹಾಕದಾಕಿಗೆ ಜಾಗಾ ಹೆಂಗ ಕೊಡ್ಲಿ?"

ಆ ಮನುಷ್ಯ ಹೇಳಿದ್ದು ಸರಿಯಾಗಿತ್ತು. ನನ್ನ ಪತ್ರ ಫೈಲಿಗೆ ಸೇರಿತು. ತಿಂಗಳೊಪ್ಪತ್ತಿನಲ್ಲಿ ಆ ಸೊಸೆಗೆ ಆರ್ಡರ್ ಬಂತು. ಆಕೆಗೆ ಇಪ್ಪತ್ತೆರಡು ವಯಸ್ಸು. ಆ ಜಾಗ ಮತ್ತೆ ಖಾಲಿಯಾಗುವುದು ಯಾವಾಗ? ಲೆಕ್ಕ ಹಾಕಲು ನನಗೆ ಧೈರ್ಯ ಬರಲಿಲ್ಲ.

ಮೊನ್ನೆ ಮತ್ತೆ ಕನ್ನೊಳ್ಳಿಗೆ ಹೋಗಿ ಬಂದೆ. ಶಾಂತವ್ವ ತಕ್ಕಡಿ ಹಿಡಿದು ಉಪ್ಪಿಟ್ಟಿನ ರವೆ ತೂಗುತ್ತಿದ್ದಳು. ಎಷ್ಟೋ ವರ್ಷದಿಂದ ದಿನಾ ಮಾಡುವ ಕೆಲಸ. ತೂಗಿದವಳು ಸುರಿಯಲಿಲ್ಲ. ಒಳಗಿದ್ದ ಹೊಸ ಕಾರ್ಯಕರ್ತೆಯನ್ನು ಕೂಗಿದಳು. "ಬಾಯಾರ, ಇದೊಂಚೂರ ನೋಡ್ರಿ, ಬರೋಬರಿ ಐತೇನು?"

ಆ ಹುಡುಗಿ ಬಂದು ನೋಡಿ, ತಲೆಯಾಡಿಸಿ ಹೋದಳು.

"ಯಾಕ ಶಾಂತವ್ವ, ನಿನಗ ಬರೂದಿಲ್ಲೇನು?" ಅಂದೆ.

"ಬರ್ತಿತ್ರಿ. ಈಗ ಕೈ ಅಂಜತೈತಿ. ತಪ್ಪಿದ್ರ ಹುಡುಗೂರಿಗಿ ಕಮ್ಮಿ ಆಗ್ತೈತಲ್ರಿ."

"ಮಾರ್ಕ್ಸ್ ಕಾರ್ಡ್ ಬಂತಲ್ಲ? ನಲವತ್ತಮೂರು?"

"ಬಂದೈತ್ರಿ. ಪೆಟ್ಟಿಗ್ಯಾಗ ಇಟ್ಟೇನಿ." ರವೆಯನ್ನು ಬೋಗುಣಿಗೆ ಸುರಿದಳು. "ಖರೆ, ಮಲಗಿದ್ರ ಎದ್ರ ಸೊನ್ನಿನ ಕಣ್ಣಮುಂದ ಬರ್ತೈತಿ ಸರ್."

ಪ್ರೋಗ್ರಾಂ ಅನ್ನೇನೋ ಅವತ್ತೇ ತಿದ್ದಿದೆ. ಇದನ್ನು ಯಾರು ತಿದ್ದುತ್ತಾರೆ?