ಸೈಬರ್ ಯುದ್ಧ: ಐದು ಅಂಕಗಳ ಪ್ರಶ್ನೆ

ಹಿರೇಕೆರೂರಿನ ಕಾಲೇಜೊಂದರಲ್ಲಿ ನಾನು ರಾಜ್ಯಶಾಸ್ತ್ರ ಕಲಿಸುತ್ತೇನೆ. ನಮ್ಮ ಹುಡುಗರು ಪುಸ್ತಕ ಮುಟ್ಟುವುದಿಲ್ಲ, ನಾನು ಬರೆಸಿದ ನೋಟ್ಸನ್ನೇ ಬಾಯಿಪಾಠ ಮಾಡುತ್ತಾರೆ. ಬಯ್ಯುತ್ತಿದ್ದೆನಾದರೂ ಒಳಗೊಳಗೇ ಹೆಮ್ಮೆಯಿತ್ತು. ಸೆಮಿಸ್ಟರ್ ಶುರುವಿನಲ್ಲಿ ಸೈಬರ್ ಯುದ್ಧದ ವ್ಯಾಖ್ಯೆ ಬರೆಸುವಾಗ ಮಾತ್ರ ತಿಣುಕಾಡಿದೆ. ಕಂಪ್ಯೂಟರಿಗೆ ಕನ್ನ ಹಾಕಿದರೆ ಅದು ಕಳ್ಳತನವೋ, ಬೇಹುಗಾರಿಕೆಯೋ, ಯುದ್ಧವೋ? ಮಾಡಿದವರೇ ಸಿಗದಿದ್ದರೆ ಯುದ್ಧ ಯಾರ ಜೊತೆ? ಗಂಟೆ ಹೊಡೆಯುವುದರಲ್ಲಿತ್ತು. 'ಇದರಿಂದ ಯಾರೂ ಸಾಯುವುದಿಲ್ಲ, ಆದ್ದರಿಂದ ಇದನ್ನು ನಿಜವಾದ ಯುದ್ಧ ಎನ್ನಲಾಗದು' ಎಂದು ಬರೆಸಿ ಕೈತೊಳೆದುಕೊಂಡೆ.

ಎರಡು ವಾರಕ್ಕೆ ಅಬಲೂರಿನಲ್ಲಿ ನಮ್ಮ ಅಕ್ಕ ಅಂಗಳದಲ್ಲೇ ಕುಸಿದು ಬಿದ್ದಳು. ಖಾಸಗಿ ಆಸ್ಪತ್ರೆಯೊಂದಕ್ಕೆ ಒಯ್ದೆವು. ತಲೆಯೊಳಗೆ ರಕ್ತಸ್ರಾವ ಇರಬಹುದು, ಸ್ಕ್ಯಾನ್ ಆಗಬೇಕು ಎಂದರು ಡಾಕ್ಟರು. ಯಂತ್ರ ಸುಮ್ಮನೆ ನಿಂತಿತ್ತು.

"ಯಾರೋ ಹೊರದೇಶದವ್ರು ಎಲ್ಲಾ ಕಂಪ್ಯೂಟರ್ ಲಾಕ್ ಮಾಡ್ಯಾರ್ರಿ. ಹುಬ್ಬಳ್ಳಿಗೆ ಒಯ್ರಿ," ಎಂದ ಕೌಂಟರಿನವನು.

ಅಷ್ಟು ಹೇಳಲು ಅವರಿಗೆ ಒಂದೂವರೆ ತಾಸು ಬೇಕಾಯಿತು. ಹುಬ್ಬಳ್ಳಿ ದಾರಿಯಲ್ಲಿ ಆ್ಯಂಬುಲೆನ್ಸ್ ಗೊಟಗೋಡಿ ದಾಟುವಾಗ ಅಕ್ಕನ ಉಸಿರು ನಿಂತಿತು. ನನಗೆ ಅಳು ಬರಲಿಲ್ಲ. ಇವತ್ತಿಗೂ ಬಂದಿಲ್ಲ.

ಅಕ್ಕನ ದಿನಕಾರ್ಯ ಮುಗಿದ ಮೇಲೆ ಭಾವ ನನ್ನನ್ನು ಗುಡಿಯ ಹತ್ತಿರ ಕರೆದೊಯ್ದರು. ದನ ಬಿಡಿಸಲು ಹೋಗಿ ಸತ್ತವನೊಬ್ಬನ ಹಳೆಯ ವೀರಗಲ್ಲಿನ ಪಕ್ಕ ಕೂತೆವು.

"ನೀ ಕಲತಾಂವ ಅದೀ. ಆಕೀನ್ನ ಕೊಂದಾವ್ರು ಯಾರು, ಹೇಳು."

"ಗೊತ್ತಿಲ್ರಿ ಭಾವಾ. ಗೊತ್ತಾಗಂಗನೂ ಇಲ್ರಿ."

ಅವರು ಕಲ್ಲಿನ ಮೇಲೆ ಕೆತ್ತಿದ ದನಗಳನ್ನು ಬೆರಳಿನಿಂದ ಮುಟ್ಟಿದರು. "ದನಾ ಹೊಡಕೊಂಡು ಹೋದಾವ್ರು ಕಳ್ಳರೋ, ರಾಜನ ದಂಡೋ, ಇದರಾಗೂ ಗೊತ್ತಾಗಂಗಿಲ್ಲ. ಆದ್ರ ಸತ್ತಾಂವನ್ನ ಬಿಟ್ಟಿಲ್ಲ ನೋಡು, ಕೆತ್ಯಾರ."

ನೋಟ್ಸ್ ತಿದ್ದಿ ಬರೆಸಬೇಕು ಎಂದುಕೊಂಡೇ ಹಿರೇಕೆರೂರಿಗೆ ಬಂದೆ. ಏನೆಂದು ತಿದ್ದುವುದು? ಯಾರು, ಯಾಕೆ, ಯಾವ ದೇಶ, ಒಂದಕ್ಕೂ ಪುರಾವೆಯಿಲ್ಲ. ಮರಣ ಪ್ರಮಾಣಪತ್ರದಲ್ಲಿ ಮಿದುಳಿನ ರಕ್ತಸ್ರಾವ ಎಂದಷ್ಟೇ ಇದೆ. ಇವತ್ತು ನಾಳೆ ಎನ್ನುವಷ್ಟರಲ್ಲಿ ಆಂತರಿಕ ಪರೀಕ್ಷೆ ಬಂತು.

ಸ್ಟಾಫ್ ರೂಮಿನಲ್ಲಿ ಪೇಪರ್ ತಿದ್ದಲು ಕೂತೆ. ಮೊದಲನೆಯ ಹುಡುಗಿ ದುಂಡಗೆ ಬರೆದಿದ್ದಳು: 'ಇದರಿಂದ ಯಾರೂ ಸಾಯುವುದಿಲ್ಲ.' ಎರಡನೆಯವನದೂ ಅದೇ. ಮೂರನೆಯವನು ಅಡಿಗೆರೆ ಬೇರೆ ಎಳೆದಿದ್ದ. ಅಕ್ಷರ ಅಕ್ಷರವೂ ನನ್ನದೇ. ಐದಕ್ಕೆ ಐದು ಕೊಡುತ್ತಾ ಹೋದೆ. ಸಂಕಟವಾಗಬೇಕಿತ್ತು, ಆಗಲಿಲ್ಲ.

ಕಟ್ಟು ಮುಗಿಯುತ್ತಾ ಬಂದಾಗ ಒಬ್ಬಳು ಆ ಸಾಲನ್ನು ಬರೆಯುವುದನ್ನೇ ಮರೆತಿದ್ದಳು. ಒಂದು ಅಂಕ ಕಳೆದು ಮುಂದಿನ ಪೇಪರ್ ತೆಗೆದೆ. ಅಕ್ಕ ನೆನಪಾದದ್ದು ಅದಾದ ಮೇಲೆ.