ಲಾಕರಿನಲ್ಲೇ ಬಾಗಿಲು ದಾಟಿದ ರೋಬೋಟ್

ಕಾಶಿಯಲ್ಲಿ ನನಗೆ ಟೋಪಿ ಹಾಕುವವನು ಇನ್ನೂ ಹುಟ್ಟಿಲ್ಲ. ಸುಳ್ಳು ಬಿಡಿ, ದಿನಕ್ಕೆ ನಾಲ್ವರು ಹಾಕುತ್ತಾರೆ.

ನನ್ನ ಫೋನಿನ ಒಗಟಿನ ಆಟದಲ್ಲಿ ಪುಟ್ಟ ರೋಬೋಟೊಂದು ಮುಚ್ಚಿದ ಬಾಗಿಲೆದುರು ವಾರದಿಂದ ನಿಂತಿತ್ತು. ಅದನ್ನು ದಾಟಿಸದಿದ್ದರೆ ಸೋಲೊಪ್ಪಬೇಕೆಂದು ಮಗಳು ಪಂದ್ಯ ಕಟ್ಟಿದ್ದಳು.

ಗುಡಿಯೊಳಗೆ ಫೋನ್ ಬಿಡುವುದಿಲ್ಲವಲ್ಲ, ಆಟ ತೆರೆದ ಹಾಗೇ ಹೂವಿನಂಗಡಿಯ ಲಾಕರಿನಲ್ಲಿಟ್ಟು ಹೋದೆ. ದರ್ಶನ ಮುಗಿಸಿ ಬಂದು ನೋಡಿದರೆ ರೋಬೋಟ್ ಬಾಗಿಲಾಚೆ ನಿಂತಿದೆ!

ಅಂಗಡಿಯವನನ್ನು ದುರುಗುಟ್ಟಿ ನೋಡಿದೆ. "ನನ್ನ ಫೋನ್ ಮುಟ್ಟಿದಿರಾ ಭೈಯಾ?"

"ರಾಮ್ ರಾಮ್! ಕೀಲಿ ನಿಮ್ಮ ಜೇಬಲ್ಲೇ ಇದೆಯಲ್ಲ ಗುರು. ಅಲ್ಲದೆ, ನೀಲಿ ಗುಂಡಿ ಮೊದಲು ಒತ್ತಬೇಕು ಅಂತ ನನಗೇನು ಗೊತ್ತು?"

ಜಗಳಕ್ಕೆ ತೆರೆದ ಬಾಯಿ ಮುಚ್ಚಿಕೊಂಡೆ. ಆಟದ ಮುಂದಿನ ಬಾಗಿಲೂ ಮುಚ್ಚಿತ್ತು. ಫೋನನ್ನು ಮತ್ತೆ ಅವನ ಲಾಕರಿಗೇ ಹಾಕಿ, ಇನ್ನೊಂದು ದರ್ಶನಕ್ಕೆ ಹೊರಟೆ.

ಮಗಳು ಸೋತಳು. ಇಷ್ಟು ಬುದ್ಧಿವಂತನ ಕತೆ ಕೇಳಿದಿರಿ, ಈ ಚಹಾದ ದುಡ್ಡು ನೀವೇ ಕೊಟ್ಟುಬಿಡಿ.